ಕೆಂಪು ದೀಪ ಕೋರಿ ಹೊಸ ಸಿಗ್ನಲ್ಲಿಗೆ

ಮಾನ್ಯ ಹೊಸ ಸಿಗ್ನಲ್ ಮಹಾಶಯರೇ,

ಆಸ್ಪತ್ರೆ ವೃತ್ತದ ನಾಲ್ಕೂ ದಿಕ್ಕಿಗೆ ಕಣ್ಣಿಟ್ಟು, ಬಿಸಿಲು ಧೂಳೆನ್ನದೆ ನಿಂತಿರುವ ತಮಗೆ, ಅದೇ ವೃತ್ತದ ಮೂಲೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ನಾನು ಹೆಲ್ಮೆಟ್ ತೆಗೆದು ಮಾಡುವ ನಮಸ್ಕಾರಗಳು. ಬರುವ ಗಾಡಿ ನೋಡಿ ತಾವೇ ದೀಪ ಬದಲಿಸಲು ತಮಗೆ ಕ್ಯಾಮೆರಾ ಇರುವುದರಿಂದ ನಮಸ್ಕಾರ ತಲುಪಿದೆ ಎಂದುಕೊಂಡಿದ್ದೇನೆ. ಹೆಲ್ಮೆಟ್ ತೆಗೆದದ್ದಕ್ಕೆ ದಂಡ ಹಾಕಬಾರದಾಗಿ ವಿನಂತಿ.

ತಮಗಿಂತ ಮೊದಲು ಆ ಕಂಬದಲ್ಲಿದ್ದ ಮುದಿ ಸಿಗ್ನಲ್ ಒಮ್ಮೆ ಕೆಂಪಾದರೆ ಹಸಿರಾಗುವುದನ್ನೇ ಮರೆತುಬಿಡುತ್ತಿತ್ತು, ಖಾಲಿ ರಸ್ತೆಗೂ ಮರ್ಯಾದೆಯಿಂದ ದಾರಿ ಬಿಟ್ಟು ನಮ್ಮನ್ನು ಬಿಸಿಲಲ್ಲಿ ಒಣಗಿಸುತ್ತಿತ್ತು. ಅದನ್ನು ಕಿತ್ತುಹಾಕಿ ಎಂದು ಊರಿಗೆಲ್ಲ ಮೊದಲು ಗಂಟಲು ಹರಿದುಕೊಂಡವನು, ಮನೆಮನೆ ಅಲೆದು ಸಹಿ ಹಾಕಿಸಿದವನು, ತಾವು ಬಂದ ದಿನ ಪೊಲೀಸರಿಗೂ ಸಿಹಿ ಹಂಚಿದವನು ಸಾಕ್ಷಾತ್ ನಾನೇ. ಈಗ ಅದೇ ಬಾಯಲ್ಲಿ ದೂರು ಹೇಳಲು ಬಂದಿದ್ದೇನೆ.

ವಿಷಯ ಇಷ್ಟೆ. ಮಗಳನ್ನು ನಾನು ದಿನಾ ಸ್ಕೂಟರಿನಲ್ಲಿ ಕಾಲೇಜಿಗೆ ಬಿಡುತ್ತೇನೆ. ಮನೆಯಲ್ಲಿ ಅವಳ ಬಾಯಿಂದ 'ಹೂಂ', 'ಏನಿಲ್ಲ' ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಆದರೆ ಆ ಮುದಿ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಮಾಡಿದ್ದೇ ತಡ, ಗೆಳತಿಯ ಮುನಿಸು, ಲ್ಯಾಬಿನಲ್ಲಿ ಒಡೆದ ಗಾಜು, ಅಮ್ಮನಿಗೆ ಹೇಳಬಾರದ ಅಂಕ, ಎಲ್ಲವನ್ನೂ ನನ್ನ ಬೆನ್ನಿಗೆ ಹೇಳುತ್ತಿದ್ದಳು. ಉಪದೇಶಕ್ಕೆ ಸಿದ್ಧವಾದ ನನ್ನ ಮುಖ ಕಾಣದ್ದರಿಂದ ಅವಳಿಗೂ ಸಲೀಸಾಗಿತ್ತು. ನಾನೋ, ಕಿವಿಯನ್ನು ಅವಳಿಗೆ ಕೊಟ್ಟು, ಬಾಯಿಯಿಂದ ಸಿಗ್ನಲ್ಲಿಗೆ ಶಾಪ ಹಾಕುತ್ತ ಕೂತಿರುತ್ತಿದ್ದೆ.

ತಾವು ಬಂದ ವಾರವೇ "ಅಪ್ಪಾ, ನಿಂಗೊಂದು ವಿಷಯ ಹೇಳ್ಬೇಕಿತ್ತು, ಬೈಬಾರ್ದು" ಎಂದು ಅವಳು ಶುರುಮಾಡಿದಳು. ತಾವು ತಟ್ಟನೆ ಹಸಿರಾದಿರಿ, ಹಿಂದಿನ ಬಸ್ಸು ಅಬ್ಬರಿಸಿತು, "ಆಮೇಲೆ ಹೇಳ್ತೀನಿ ಬಿಡು" ಎಂದಳು. ಆ 'ಆಮೇಲೆ' ಇನ್ನೂ ಬಂದಿಲ್ಲ. ಬೈಯುವಂಥದ್ದು ಏನಿರಬಹುದೆಂದು ಯೋಚಿಸಿ ಯೋಚಿಸಿ ನನಗೆ ಊಟ ಸೇರುತ್ತಿಲ್ಲ.

ಕೆಂಪು ಸಿಗಲೆಂದು ಆಮೆಯಂತೆ ಬಂದರೂ ತಾವು ದೂರದಿಂದಲೇ ಗುರುತಿಸಿ ಹಸಿರು ಹಾಸುತ್ತೀರಿ. ಮೊನ್ನೆ ನಾಚಿಕೆ ಬಿಟ್ಟು, ನಡುರಸ್ತೆಯಲ್ಲಿ ಗಾಡಿ ಕೆಟ್ಟಂತೆ ನಾಟಕವಾಡಿದೆ. ಹಿಂದಿನ ಕಾರಿನಿಂದ ನನ್ನದೇ ಹಳೆಯ ಶಿಷ್ಯೆ ತಲೆ ಹೊರಗೆ ಹಾಕಿ, "ಗಾಬರಿ ಆಗ್ಬೇಡಿ ಮೇಷ್ಟ್ರೇ, ನಿಧಾನಕ್ಕೆ ಎಕ್ಸಲೇಟರ್ ಕೊಡಿ!" ಎಂದು ನನ್ನ ಪಾಠವನ್ನು ನನಗೇ ಒಪ್ಪಿಸಿದಳು. ಇಡೀ ವೃತ್ತ ನಕ್ಕಿತು, ಮಗಳು ಮುಖ ಮುಚ್ಚಿಕೊಂಡಳು.

ಆದುದರಿಂದ ಸರ್ವಜ್ಞರಾದ ತಾವು, ನನ್ನ ಬೂದು ಬಣ್ಣದ ಸ್ಕೂಟರ್ ಕಂಡಾಗ ಮಾತ್ರ ಬುದ್ಧಿಯನ್ನು ತುಸು ಪಕ್ಕಕ್ಕಿಟ್ಟು, ಹಿಂದೆ ಕೂತವಳ ಮಾತು ಮುಗಿಯುವವರೆಗೆ ಕೆಂಪಾಗಿರಬೇಕೆಂದು, ಸಾಧ್ಯವಾದರೆ ಹಿಂದಿನ ಬಸ್ಸಿನ ಹಾರ್ನನ್ನೂ ಕೆಡಿಸಬೇಕೆಂದು ಬೇಡಿಕೊಳ್ಳುತ್ತೇನೆ. ಹಳೆಯ ಸಿಗ್ನಲ್ ಯಾವ ಗೋದಾಮಿನಲ್ಲಿದ್ದರೂ ಅದಕ್ಕೆ ನನ್ನ ಕ್ಷಮೆಯಾಚನೆ ಮುಟ್ಟಿಸಿ.

ಹೋದಲ್ಲೆಲ್ಲ ಹಸಿರು ಸಿಕ್ಕಿ ಹೈರಾಣಾಗಿರುವ,
ತಮ್ಮ ವಿಶ್ವಾಸಿ,
ಮೂಲೆಯ ಡ್ರೈವಿಂಗ್ ಮೇಷ್ಟ್ರು

ಮರೆತ ಮಾತು: ಈ ಪತ್ರವನ್ನು ಟೈಪ್ ಮಾಡಿಕೊಟ್ಟವಳು ಮಗಳೇ. ನಿನ್ನೆ ಸಹಿಯವರೆಗೆ ಟೈಪಿಸಿ, "ಗಾಡಿ ನಿಲ್ಸೋಕೆ ಸಿಗ್ನಲ್ಲೇ ಬೇಕಾ ಅಪ್ಪಾ? ಬ್ರೇಕ್ ಇಲ್ವಾ?" ಎಂದಳು. ಊರಿಗೆಲ್ಲ ಬ್ರೇಕ್ ಹಾಕಲು ಕಲಿಸಿದವನಿಗೆ ಇದು ಹೊಳೆದಿರಲಿಲ್ಲ. ಇವತ್ತು ತಮ್ಮನ್ನು ದಾಟಿ, ಔಷಧಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ, ಅವಳು ಹೇಳಿದಳು. ಸ್ಕೂಟರ್ ಕಲಿಯಲು ಸೇರಿದ್ದಾಳಂತೆ, ಎದುರು ಬೀದಿಯ ಡ್ರೈವಿಂಗ್ ಸ್ಕೂಲಿಗೆ. ನಾನು ಕಲಿಸುವಾಗ ತುಂಬಾ ಕೂಗಾಡುತ್ತೇನಂತೆ. ನಾನು ಬೈಯಲಿಲ್ಲ. ಮುಂದಿನ ತಿಂಗಳಿಂದ ಅವಳು ಒಬ್ಬಳೇ ಬರುತ್ತಾಳೆ. ಮೇಲಿನ ಬೇಡಿಕೆಗಳನ್ನೆಲ್ಲ ಹರಿದುಹಾಕಿ. ಅವಳಿಗೆ ಹಸಿರನ್ನೇ ಕೊಡಿ, ಮತ್ತು ಅವಳು ದಾಟಿ ಮುಗಿಸುವವರೆಗೆ ಊರಿನ ಉಳಿದವರಿಗೆಲ್ಲ ಕೆಂಪು.