ಬೀಗರಿಗೆ ಇಡೀ ಟರ್ಕಿ ಕೋಳಿ

ನಮ್ಮ ಮನೆಯಲ್ಲಿ ನಾನು ತಮಾಷೆಗೆ ಅಂದದ್ದನ್ನೆಲ್ಲ ಯಾರಾದರೊಬ್ಬರು ನಿಜ ಮಾಡಿಯೇ ಬಿಡುತ್ತಾರೆ. ಆಮೇಲೆ ಬೈಸಿಕೊಳ್ಳೋದು ಮಾತ್ರ ನಾನು.

ಈ ಸಲ ಅಕ್ಕನ ಮದುವೆ ವಿಷಯ. ಹೊಸನಗರದ ಹುಡುಗ ಅಕ್ಕನಿಗೆ ಹಿಡಿಸಿದ್ದ, ಅವನಿಗೂ ಅಕ್ಕ ಹಿಡಿಸಿದ್ದಳು. ಹುಡುಗನ ಅಪ್ಪ ಒಬ್ಬರು ಹೂಂ ಅನ್ನಬೇಕಿತ್ತು. ಅವರು ಹಿಂದೆ ಒಂದು ಸಂಬಂಧ ಬಿಟ್ಟದ್ದೇ, "ಆ ಮನೆ ಕೋಳಿ ಸಾರಲ್ಲಿ ತುಂಡು ಹುಡುಕ್ಬೇಕಾಯ್ತು" ಅಂತ. ಅಂಥವರು ತೀರ್ಥಹಳ್ಳಿಗೆ, ನಮ್ಮನೆಗೆ ಊಟಕ್ಕೆ ಬರುತ್ತಾರೆ ಅಂದಾಗ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು.

"ಟರ್ಕಿ ಕೋಳಿ ತಂದು ಕಡೀದೆ ಇಡೀದೇ ಇಟ್ಬಿಡಿ. ಹುಡುಕೋ ಕಷ್ಟವೇ ಇಲ್ಲ" ಅಂದೆ. ಅಪ್ಪ ಎದ್ದು ನಿಂತರು.

ಕಿಟಕಿ ಸೀಟು

ಸಾಗರದ ಹತ್ತಿರ ಒಬ್ಬರು ಟರ್ಕಿ ಸಾಕಿದ್ದರು. ಒಂದನ್ನು ಕೊಂಡು ಚೀಲದಲ್ಲಿ ಕಟ್ಟಿ, ತಲೆ ಮಾತ್ರ ಹೊರಗೆ ಬಿಟ್ಟು ಬಸ್ ಹತ್ತಿದೆ. ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಅದರ ಜೋತುಬಿದ್ದ ಕೆಂಪು ಗಂಟಲು ನೋಡಿ, "ಎಂತಾ ಇದು ಮಾಣಿ?" ಅಂದರು.

"ನವಿಲು ಅಜ್ಜಿ. ಹುಷಾರಿಲ್ದೆ ಗರಿ ಉದುರಿದೆ."

"ಪಾಪ. ಇಲ್ಲಿ ಕೂರ್ಸು" ಅಂತ ಸರಿದು ಕಿಟಕಿ ಪಕ್ಕ ಜಾಗ ಕೊಟ್ಟರು. ಜೊತೆಗೆ ನಾನೂ ಕೂರಲು ಹೋದರೆ ತಡೆದರು.

"ನೀ ಗಟ್ಟಿ ಇದ್ದೆ, ನಿತ್ಕ."

ಅಜ್ಜಿ ಹೊಸನಗರದಲ್ಲಿ ಇಳಿಯುವವರೆಗೂ ಟರ್ಕಿ ಹೊರಗೆ ನೋಡುತ್ತಾ ಬಂತು.

ಇಂಜೆಕ್ಷನ್

ಪುಕ್ಕ ಕಿತ್ತು, ಅರಿಶಿನ ಹಚ್ಚಿ ಬೆಂಕಿಯಲ್ಲಿ ಸುಟ್ಟದ್ದಾಯ್ತು. ಅಮ್ಮ ಮಸಾಲೆ ಅರೆದು ಅದರ ಮೈಗೆಲ್ಲ ತಿಕ್ಕಿದಳು.

"ಎದೆ ಇಷ್ಟು ದಪ್ಪ ಇದೆ. ಒಳಗೆ ಉಪ್ಪು ಹೋಗೋದು ಹೆಂಗೆ?"

"ಇಂಜೆಕ್ಷನ್ ಕೊಡು" ಅಂದೆ.

ಚಿಕ್ಕಪ್ಪ ಬೈಕ್ ಸ್ಟಾರ್ಟ್ ಮಾಡಿಯಾಗಿತ್ತು. ನಾನೂ ಹಿಂದೆ ಹತ್ತಿದೆ. ದನದ ಡಾಕ್ಟ್ರ ಹತ್ತಿರ ಹೋಗಿ ಹೊಸ ಸಿರಿಂಜ್ ಕೇಳಿದರು.

"ಯಾರಿಗೆ?"

"ಕೋಳಿಗೆ."

"ಎಂತ ಕಾಯಿಲೆ?"

"ಸಪ್ಪೆ."

"ಜೀವ ಇದ್ಯಾ?"

"ಇಲ್ಲ."

ಡಾಕ್ಟ್ರು ಸಿರಿಂಜ್ ಕೈಗಿಟ್ಟು, "ಹಂಗಾದ್ರೆ ಡೋಸ್ ನೀವೇ ನೋಡ್ಕೊಳ್ಳಿ" ಅಂದರು.

ಹಂಡೆ

ಮನೆಯ ಯಾವ ಪಾತ್ರೆಯಲ್ಲೂ ಅದು ಹಿಡಿಯಲಿಲ್ಲ. ಬಗ್ಗಿಸಿ ತುರುಕಿದರೆ ಕಾಲೆರಡೂ ಮೇಲೆ. "ಬಚ್ಚಲ ಹಂಡೆ ಇದ್ಯಲ್ಲ" ಅಂದೆ. ಸ್ನಾನದ ನೀರು ಕಾಯಿಸುವ ಹಂಡೆಯನ್ನು ಅಮ್ಮ ತಿಕ್ಕಿ ತಿಕ್ಕಿ ತೊಳೆದಳು. ಉಪ್ಪುನೀರು ಚುಚ್ಚಿದ ಕೋಳಿ, ಮಸಾಲೆ, ನೀರು ಎಲ್ಲ ಅದರೊಳಗೆ ಹೋಯ್ತು. ನಮ್ಮಜ್ಜಿಗೆ ಗೊತ್ತಾದರೆ ರಂಪ ಆಗುತ್ತದೆ ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಹುಡುಗನ ಅಪ್ಪ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಬಂದವರು ಗೇಟಿನ ಹತ್ತಿರ ಜಾರಿಬಿದ್ದು ಮೈಯೆಲ್ಲ ಕೆಸರು. ನಾವೆಲ್ಲ ಒಳಗೆ ಬಾಳೆ ಎಲೆ ಒರೆಸುತ್ತಿದ್ದೆವು. ಜಗಲಿಯಲ್ಲಿದ್ದ ಅಜ್ಜಿ ಟವೆಲ್ ಕೊಟ್ಟು, "ಹಂಡೇಲಿ ಬಿಸ್ನೀರಿದೆ, ಮಿಂದ್ಕೊಂಡು ಬನ್ನಿ" ಅಂತ ಕಳಿಸಿಯೇಬಿಟ್ಟಳು.

ನಾವು ಓಡಿ ಬರುವಷ್ಟರಲ್ಲಿ ಬಚ್ಚಲಿನ ಚಿಲಕ ಬಿದ್ದಿತ್ತು.

"ಹೇಳಿದ್ರೆ ಸಂಬಂಧ ಹೋಗ್ತದೆ" ಅಂದರು ಅಪ್ಪ.

"ಹೇಳ್ದಿದ್ರೆ ಸಾರು ಹೋಗ್ತದೆ" ಅಂದಳು ಅಮ್ಮ.

ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ಒಳಗೆ ತಣ್ಣೀರು ಬೆರೆಸಿದ ಸದ್ದು. ಒಂದು ಚೊಂಬು ಸುರಿದ ಸದ್ದು. ಆಮೇಲೆ ಚಿಲಕ ತೆಗೆದ ಸದ್ದು.

ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡು ನಿಂತಿದ್ದರು. ಹೆಗಲ ಮೇಲೆ ಒಂದು ಪಲಾವ್ ಎಲೆ, ಕಣ್ಣು ಕೆಂಪು. ನಿಧಾನಕ್ಕೆ ತುಟಿ ಚಪ್ಪರಿಸಿದರು.

"ಉಪ್ಪು ಸರಿ ಇದೆ ಗೌಡ್ರೆ. ಖಾರ ಒಂಚೂರು ಮುಂದು, ಕಣ್ಣಿಗೆ ಗೊತ್ತಾಯ್ತು."

ಅಪ್ಪ, "ಸಂಬಂಧದ್ದು ಎಂತ ಮಾಡೋದು?" ಅಂದರು.

"ಮೀಯೋ ನೀರಿಗೂ ಮಸಾಲೆ ಹಾಕೋ ಮನೆ ಬಿಟ್ರೆ ಇನ್ನೆಲ್ಲಿ ಸಿಗ್ತದೆ? ಆಯ್ತು ಅನ್ನಿ. ಈಗ ಮೀಯಕ್ಕೆ ಒಂದು ಕೊಡ ನೀರು ಕೊಡಿ."