ಮಾರಾಟಕ್ಕಿಟ್ಟ ಲಾರಿ

ಲಾರಿ ಅಂದ ಮೇಲೆ ಪಂಕ್ಚರ್ ಆಗುತ್ತೆ, ಬ್ರೇಕ್ ಸವೆಯುತ್ತೆ, ನಗೋ ಹಂಗೆ ಏನಾದ್ರೂ ಒಂದು ನಡೆಯುತ್ತೆ. ಮೊದಲಿನ ಎರಡಕ್ಕೆ ಅಂಗಡಿ ಇದೆ. ಮೂರನೆಯದನ್ನ ಮನೆಗೆ ತಗೊಂಡು ಹೋಗಿ ಹೆಂಡತಿಗೆ ಹೇಳ್ತಿದ್ದೆ. ಈಗ ಅವಳಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಂದು ಒಂದೇ ಲಾರಿ. ಸಣ್ಣದು, ಆರು ಚಕ್ರದ್ದು. ಯಲಹಂಕದ ಸ್ಟ್ಯಾಂಡಲ್ಲಿ ನಿಲ್ಲಿಸ್ತೀನಿ. ಕರೆದ ಕಡೆ ಹೋಗ್ತೀನಿ. ಇಟ್ಟಿಗೆ, ಒಣಹುಲ್ಲು, ಮದುವೆ ಪಾತ್ರೆ, ಮನೆ ಸಾಮಾನು. ಮಾಲೀಕನೂ ನಾನೇ, ಡ್ರೈವರೂ ನಾನೇ, ಗಾಡಿ ತೊಳೆಯೋನೂ ನಾನೇ.

ಹೆಂಡತಿ ಹೋದ ಮೇಲೆ ಮಗಳು ಒಂದೇ ಹಟ ಹಿಡಿದಳು. "ಅಪ್ಪಾ, ಗಾಡಿ ಮಾರ್ಬಿಡು. ಅಮೃತಹಳ್ಳಿಗೆ ಬಂದು ನಮ್ ಜೊತೆ ಇರು. ನೀನೊಬ್ಬನೇ ರೋಡಲ್ಲಿ ಓಡಾಡ್ತಿದ್ರೆ ನನಗೆ ನಿದ್ದೆ ಬರಲ್ಲ." ಅವಳು ಹೇಳೋದರಲ್ಲಿ ತಪ್ಪಿಲ್ಲ. ಅಳಿಯನೂ ಒಳ್ಳೆಯವನು. ನನಗೆ ಮಾರೋಕೆ ಮನಸ್ಸಿಲ್ಲ. ಮಗಳ ಮಾತು ತಳ್ಳೋಕೂ ಮನಸ್ಸಿಲ್ಲ. "ನೋಡೋಣ ಕಣಮ್ಮಾ" ಅಂದೆ. ಅವಳು ಅದನ್ನ ಹೂಂ ಅಂತ ತಿಳ್ಕೊಂಡು ಬ್ರೋಕರ್‌ಗೆ ಹೇಳಿಬಿಟ್ಟಳು.

ಆ ಮಾರಾಟದ ಕಥೆಗೆ ಬರೋ ಮುಂಚೆ ಆ ಲಾರಿಯಲ್ಲಿ ನಡೆದದ್ದು ಒಂದಷ್ಟು ಹೇಳ್ತೀನಿ.

ಓನರಮ್ಮ

ಮಗಳು ಇನ್ನೂ ಸ್ಕೂಲಿಗೆ ಹೋಗ್ತಿದ್ದ ಕಾಲ. ಹೆಬ್ಬಾಳದ ಒಬ್ಬ ಯಜಮಾನರ ಸಾಮಾನು ಸಾಗಿಸಬೇಕಿತ್ತು. ಜಾಮಲ್ಲಿ ಸಿಕ್ಕಿಕೊಂಡು ತಡವಾಯ್ತು. ಅವರು ಗೇಟಲ್ಲೇ ನಿಂತು ಬೈದರು. ನನಗೆ ಬೈಸಿಕೊಳ್ಳುವಾಗ ಮಾತು ಬರಲ್ಲ.

"ನಿನ್ನ ಹತ್ರ ಏನಯ್ಯಾ ಮಾತು, ನಿಮ್ಮ ಓನರ್ ನಂಬರ್ ಕೊಡು" ಅಂದರು.

ನಾನೇ ಓನರ್ ಅಂದರೆ ಯಾರೂ ನಂಬಲ್ಲ. ಖಾಕಿ ಶರ್ಟು, ಹವಾಯಿ ಚಪ್ಪಲಿ. ಇನ್ನೇನು ಮಾಡೋದು, ಹೆಂಡತಿ ನಂಬರ್ ಕೊಟ್ಟೆ. ಅವರು ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿ ಮಾತಾಡಿದರು.

"ನೀವೇ ಏನ್ರೀ ಲಾರಿ ಓನರ್ರು?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಹೌದು, ನಾನೇ. ಏನಾಗ್ಬೇಕಿತ್ತು?"

"ನಿಮ್ಮ ಡ್ರೈವರ್ ಹೇಳಿದ ಹೊತ್ತಿಗೆ ಬಂದಿಲ್ಲ. ಕೇಳಿದ್ರೆ ಕಂಬದ ಥರ ನಿಂತಿದ್ದಾನೆ."

"ಅಯ್ಯೋ, ನನ್ನ ಹತ್ರನೂ ಹಂಗೇ ಸಾರ್! ಅಂಗಡಿಗೆ ಕಳಿಸಿದ್ರೆ ಅರ್ಧ ಸಾಮಾನು ಮರೀತಾನೆ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬರಲ್ಲ. ಸ್ನಾನ ಮಾಡು ಅಂತನೂ ನಾನೇ ಹೇಳ್ಬೇಕು."

ಯಜಮಾನರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಮದುವೆಯಾದಾಗಿನಿಂದ ನನ್ನನ್ನ ಏಕವಚನದಲ್ಲಿ ಬೈಯೋ ಅವಕಾಶ ಅವಳಿಗೆ ಸಿಕ್ಕಿದ್ದು ಅದೊಂದೇ ಸಲ. ಚೆನ್ನಾಗಿ ಬಳಸಿಕೊಂಡಳು.

"ಇವತ್ತೇ ಕೆಲಸ ಬಿಡಿಸಿಬಿಡ್ಲಾ ಸಾರ್? ನೀವು ಹೂಂ ಅನ್ನಿ ಸಾಕು."

"ಬೇಡಮ್ಮಾ, ಬೇಡ! ಪಾಪ, ಹೊಟ್ಟೆಪಾಡು" ಅಂತ ಅವರೇ ಗಾಬರಿಯಾಗಿ ಫೋನಿಟ್ಟರು.

ಸಾಮಾನು ಇಳಿಸಿದ ಮೇಲೆ ನನ್ನನ್ನ ಪಕ್ಕಕ್ಕೆ ಕರೆದು ಕಾಫಿ ಕೊಟ್ಟರು. ದನಿ ತಗ್ಗಿಸಿದರು. "ನೋಡಪ್ಪಾ, ನಿಮ್ಮ ಓನರಮ್ಮ ಬಹಳ ಜೋರು. ನನಗೆ ಗೊತ್ತಿರೋರ ಹತ್ರ ಲಾರಿ ಇದೆ, ಅಲ್ಲಿಗೆ ಸೇರ್ಕೊ."

"ಆಗಲ್ಲ ಸಾರ್" ಅಂದೆ. "ಇಲ್ಲಿಗೆ ಸೇರುವಾಗ ಮೂರು ಗಂಟು ಹಾಕಿ ಸೇರಿದ್ದೀನಿ."

ತಟ್ಟಿದರೆ ನಿಲ್ಲು

ಮಗಳ ಮದುವೆಯಾದ ಮೇಲೆ ಹೆಂಡತಿ ನನ್ನ ಜೊತೆ ಲಾರಿಗೇ ಬರೋಕೆ ಶುರು ಮಾಡಿದಳು. "ಮನೇಲಿ ಗೋಡೆ ನೋಡ್ಕೊಂಡು ಕೂರೋ ಬದಲು ರೋಡ್ ನೋಡ್ತೀನಿ" ಅಂದಳು. ನನ್ನ ಪಕ್ಕದ ಸೀಟು ಅವಳದಾಯ್ತು. ಮನೇಲಿ ಹೊಲಿದ ಒಂದು ದಿಂಬು ತಂದು ಹಾಕ್ಕೊಂಡಳು.

ಒಂದು ದಿನ ಆರ್.ಟಿ. ನಗರದಿಂದ ಸೋಲದೇವನಹಳ್ಳಿಗೆ ಮನೆ ಸಾಮಾನು. ಮನೆಯವರು ಆಟೋದಲ್ಲಿ ಮುಂದೆ ಹೋದರು. ಅವರ ಮನೆ ಅಜ್ಜಿ ಮಾತ್ರ ಕೇಳಲಿಲ್ಲ. "ನನ್ನ ಮಂಚ ಎಲ್ಲೋ ನಾನಲ್ಲೇ" ಅಂತ ಲಾರಿ ಹಿಂದೆ ಹತ್ತಿ ಮಂಚದ ಮೇಲೆ ಕೂತುಬಿಟ್ಟಿತು. ಜೊತೆಗೆ ಲೋಡ್ ಮಾಡೋನು ಒಬ್ಬನಿದ್ದ. ಅವನು ಹಾಸಿಗೆ ಸುರುಳಿ ಮೇಲೆ ಮಲಗಿ ನಿದ್ದೆ ಹೋದ.

ನಮ್ಮ ಲಾರಿಯವರಲ್ಲಿ ಒಂದು ರೂಢಿ. ಹಿಂದಿನವರು ಹಲಗೆ ಮೇಲೆ ಒಂದು ಸಲ ತಟ್ಟಿದರೆ ನಿಲ್ಲು ಅಂತ. ಎರಡು ಸಲ ತಟ್ಟಿದರೆ ಹೋಗು ಅಂತ. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಕಾಲು ತಾನಾಗಿ ಬ್ರೇಕ್ ತುಳಿಯುತ್ತೆ.

ಹೆಬ್ಬಾಳ ದಾಟುವಾಗ ಹಿಂದೆ "ಟಕ್" ಅಂತು. ನಿಲ್ಲಿಸಿದೆ. ಕನ್ನಡೀಲಿ ನೋಡಿದೆ. ಯಾರೂ ಇಳಿಯಲಿಲ್ಲ. "ಟಕ್ ಟಕ್" ಅಂತು. ಹೊರಟೆ. ಸ್ವಲ್ಪ ದೂರಕ್ಕೆ ಮತ್ತೆ "ಟಕ್." ನಿಲ್ಲಿಸಿದೆ. "ಟಕ್ ಟಕ್." ಹೊರಟೆ. ಹಿಂದಿನ ಗಾಡಿಯವರೆಲ್ಲ ಹಾರ್ನ್ ಹೊಡೀತಿದ್ದಾರೆ. ಜಾಲಹಳ್ಳಿ ಹತ್ತಿರ ಟ್ರಾಫಿಕ್ ಪೊಲೀಸರು ಅಡ್ಡ ಬಂದರು.

"ಏನಯ್ಯಾ, ಹೆಜ್ಜೆಗೊಂದು ಸಲ ನಿಲ್ತೀಯಾ?"

"ಹಿಂದಿನಿಂದ ಹೇಳ್ತಾವ್ರೆ ಸಾರ್."

"ಯಾರು?"

ಇಳಿದು ಹಿಂದೆ ಹೋಗಿ ನೋಡಿದೆ. ಅಜ್ಜಿ ಸಣ್ಣ ಕಬ್ಬಿಣದ ಕುಟ್ಟಾಣಿಯನ್ನ ನಮ್ಮ ಹಲಗೆಗೆ ಒತ್ತಿ ಹಿಡಿದು ಎಲೆಅಡಿಕೆ ಕುಟ್ಟುತ್ತಾ ಕೂತಿದೆ. ಗಾಡಿ ಮತ್ತೆ ನಿಂತಿತಲ್ಲ ಅಂತ ಅದರ ಮುಖದಲ್ಲಿ ಸಿಟ್ಟು. ನಾನು ಬಾಯಿ ತೆಗೆಯೋ ಮುಂಚೆ ಅದೇ ಕೇಳಿತು.

"ಏನಪ್ಪಾ, ನಿನ್ನ ಗಾಡಿಗೆ ಬಿಕ್ಕಳಿಕೆ ಬಂದೈತಾ? ವಸಿ ನೀರು ಕುಡಿಸು."

ಹಾಲು ಉಕ್ಕಿತು

ಲಾರಿಗೆ ಮೊದಲು ಹತ್ತಿದ ಸಾಮಾನು ಕೊನೆಗೆ ಇಳಿಯುತ್ತೆ. ಇದನ್ನ ನಾನು ಎಲ್ಲರಿಗೂ ಹೇಳ್ತೀನಿ. ಯಾರೂ ಕೇಳಲ್ಲ. ಯಲಹಂಕ ನ್ಯೂ ಟೌನಿಗೆ ಮನೆ ಬದಲಾಯಿಸಿದ ಗಂಡ ಹೆಂಡತಿ ಇಬ್ಬರು "ಶುಭದ ಸಾಮಾನು ಮೊದಲು" ಅಂತ ಒಲೆ, ಸಿಲಿಂಡರ್, ಹಾಲಿನ ಪಾತ್ರೆ ಎಲ್ಲ ಮೊದಲು ಹತ್ತಿಸಿದರು. ಅದರ ಮೇಲೂ ಮುಂದೂ ಇಡೀ ಸಂಸಾರದ ಸಾಮಾನು ಬಂತು.

ಹೊಸ ಮನೆ ಬಾಗಿಲಿಗೆ ಹೋದಾಗ ರಾಹುಕಾಲ ಇನ್ನೇನು ಬಂತು. ಅದಕ್ಕೆ ಮುಂಚೆ ಹಾಲು ಉಕ್ಕಬೇಕು. ಒಲೆ ಬೀರು ಹಿಂದೆ. ಪಕ್ಕದ ಮನೆಯವರು ಒಲೆ ಕೊಡ್ತೀವಿ ಅಂದರು. "ಬೇರೆಯವರ ಒಲೇಲಿ ಆಗಲ್ಲ" ಅಂತ ಆ ಹೆಂಗಸು ಅಳೋಕೇ ಶುರು ಮಾಡಿದರು.

ನನ್ನ ಹೆಂಡತಿ ಸೀರೆ ಎತ್ತಿ ಕಟ್ಟಿದಳು. "ರೀ, ಸೈಡ್ ಹಲಗೆ ಇಳಿಸಿ" ಅಂದಳು. ಒಲೆ ಕಂಡಿತು, ಆದರೆ ಎಳೆಯೋಕೆ ಬರಲ್ಲ. "ಅದು ಬರದಿದ್ರೆ ನಾವೇ ಹೋಗೋಣ" ಅಂತ ಆ ಹೆಂಗಸಿನ ಕೈ ಹಿಡಿದು ಲಾರಿ ಮೇಲೆ ಹತ್ತಿಸಿಕೊಂಡು ಅಲ್ಲೇ ಒಲೆ ಹಚ್ಚಿಸಿದಳು. ಹಾಲು ಉಕ್ಕಿ ಲಾರಿ ತುಂಬ ಹರೀತು. ರಸ್ತೆಯವರೆಲ್ಲ ಚಪ್ಪಾಳೆ ತಟ್ಟಿದರು.

ಮನೆ ಯಜಮಾನರಿಗೆ ಅನುಮಾನ. ಪುರೋಹಿತರಿಗೆ ಫೋನ್ ಮಾಡಿದರು. "ಹಾಲೇನೋ ಉಕ್ಕಿತು ಸ್ವಾಮಿ, ಆದ್ರೆ ಲಾರೀಲಿ."

"ಹಾಗಾದ್ರೆ ಗೃಹಪ್ರವೇಶ ಆಗಿದ್ದು ಲಾರಿಗೆ" ಅಂದರು ಅವರು.

ವಾಪಸ್ ಬರುವಾಗ ಹೆಂಡತಿ ದಾರಿಯುದ್ದಕ್ಕೂ ನಗ್ತಿದ್ದಳು. "ಅಂತೂ ಇಷ್ಟು ವರ್ಷ ಬಾಡಿಗೆ ಮನೇಲಿ ಇಟ್ಟು, ಇವತ್ತು ಸ್ವಂತ ಮನೆ ಮಾಡಿಕೊಟ್ರಿ ನೋಡಿ."

ಇಂಜಿನ್ ಸದ್ದು

ಅವಳು ಹೋದ ಮೇಲೆ ಗಾಡಿ ಮತ್ತೆ ತೆಗೆದಾಗ ಇಂಜಿನ್ನಿಂದ ಒಂದು ಸದ್ದು ಬರ್ತಿತ್ತು. ಕಿರ್ರ್ ಅಂತ. ಯಶವಂತಪುರಕ್ಕೆ ಹೋಗೋವರೆಗೂ ಕಿರ್ರ್, ಬರೋವರೆಗೂ ಕಿರ್ರ್. ನಮ್ಮ ಮೆಕ್ಯಾನಿಕ್ ಭಾಯ್ ಹತ್ತಿರ ತಗೊಂಡು ಹೋದೆ. ಈ ಲಾರಿಯನ್ನ ಮೊದಲಿನಿಂದ ನೋಡಿಕೊಂಡು ಬಂದಿರೋದು ಅವರೇ.

ಭಾಯ್ ಬೆಲ್ಟ್ ನೋಡಿದರು. ಎಣ್ಣೆ ಹಾಕಿದರು. "ಸರಿಯಾಗಿದೆ ಅಣ್ಣಾ" ಅಂದರು. ಮಾರನೇ ದಿನ ಮತ್ತೆ ಹೋದೆ. "ಇನ್ನೂ ಬರ್ತಿದೆ ಭಾಯ್." ಮತ್ತೆ ಬಿಚ್ಚಿದರು. ಏನೂ ಸಿಗಲಿಲ್ಲ. ಮೂರನೇ ಸಲ ಹೋದಾಗ ಅವರೇ ಬಂದು ಪಕ್ಕದಲ್ಲಿ ಕೂತರು. "ನಡೀರಿ, ಒಂದು ರೌಂಡ್ ಹೋಗೋಣ."

ಹೆಸರಘಟ್ಟ ರೋಡಲ್ಲಿ ಸ್ವಲ್ಪ ದೂರ ಹೋದೆವು. ಭಾಯ್ ಕಣ್ಣು ಮುಚ್ಚಿ ಕೇಳಿದರು.

"ಇದಾ ಅಣ್ಣಾ?"

"ಇದೇ."

"ಈ ಸದ್ದು ವರ್ಷಗಳಿಂದ ಇದೆ. ಪಕ್ಕದಲ್ಲಿ ಅಕ್ಕ ಮಾತಾಡ್ತಾ ಇದ್ರಲ್ಲ, ನಿಮಗೆ ಕೇಳಿಸ್ತಿರಲಿಲ್ಲ ಅಷ್ಟೇ."

ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಆಮೇಲೆ ಭಾಯ್ ಮೆಲ್ಲಗೆ ಕೇಳಿದರು. "ಒಂದು ರೇಡಿಯೋ ಹಾಕ್ಸಿಬಿಡ್ಲಾ ಅಣ್ಣಾ?"

"ಬೇಡ ಭಾಯ್" ಅಂದೆ. "ಅದು ಎದುರು ಮಾತಾಡಲ್ಲ."

ನೋಡೋಕೆ ಬಂದವರು

ಕೊನೆಗೆ ಬ್ರೋಕರ್ ಗಿರಾಕಿ ತಂದ. ಲಾರಿಯನ್ನ ಅಮೃತಹಳ್ಳಿಯಲ್ಲಿ ಮಗಳ ಮನೆ ಮುಂದೆ ನಿಲ್ಲಿಸಿದ್ದೆ. ಮೊದಲು ಬಂದವನು ಬಹಳ ಹೊಗಳಿದ. "ಸೂಪರ್ ಗಾಡಿ, ಹೂವಿನ ಥರ ಇಟ್ಟಿದ್ದೀರಾ" ಅಂದ. ಲಾರಿ ಹೋಯ್ತು ಅಂದ್ಕೊಂಡೆ. ಅವನು ಹೋದ ಮೇಲೆ ಬ್ರೋಕರ್ ನಕ್ಕ. "ಅಣ್ಣಾ, ಹೊಗಳೋನು ತಗೊಳ್ಳಲ್ಲ. ಬೈಯೋನು ತಗೊಳ್ತಾನೆ. ಗಾಡಿ ವ್ಯಾಪಾರ ಇರೋದೇ ಹಂಗೆ."

ಮುಂದಿನ ವಾರ ಇನ್ನೊಬ್ಬರು ಬಂದರು. ದಪ್ಪ ಮೀಸೆ, ಎರಡು ಲಾರಿ ಇರೋ ಮನುಷ್ಯ. ಬಂದವರೇ ಟೈರಿಗೆ ಒದ್ದರು.

"ಏನ್ರೀ ಇದು, ಬೋಳು ತಲೆ ಥರ ಆಗಿದೆ."

ಬ್ರೋಕರ್ ನನ್ನ ಕಡೆ ನೋಡಿ ಕಣ್ಣು ಹೊಡೆದ. ಅವರು ಹಲಗೆ ಅಲ್ಲಾಡಿಸಿದರು. "ಬಾಡಿನಾ ಇದು, ಹಪ್ಪಳ. ಮುಟ್ಟಿದ್ರೆ ಮುರಿಯುತ್ತೆ." ಇಂಜಿನ್ ಹಾಕಿಸಿದರು. "ಮುದುಕಿ ಥರ ಕೆಮ್ಮುತ್ತಲ್ರೀ." ಬೈದಷ್ಟೂ ಬ್ರೋಕರ್ ಮುಖ ಅರಳುತ್ತಿತ್ತು. ಈ ಮನುಷ್ಯ ತಗೊಂಡೇ ತಗೋತಾನೆ ಅಂತ ನನಗೆ ಗೊತ್ತಾಯ್ತು.

ಮಗಳು ಕಾಫಿ ತಟ್ಟೆ ಹಿಡ್ಕೊಂಡು ಗೇಟಿನ ಹತ್ರ ಬಂದಳು. ಗಾಡಿ ವ್ಯಾಪಾರದ ರೂಢಿ ಅವಳಿಗೇನು ಗೊತ್ತು. ಅದೇ ಹೊತ್ತಿಗೆ ಅವರು ಒಳಗೆ ಬಗ್ಗಿ ನೋಡಿ, "ಈ ಪಕ್ಕದ ಸೀಟು ಕುಸಿದುಹೋಗಿದೆ, ಕಿತ್ತು ಬಿಸಾಕ್ಬೇಕು" ಅಂದರು.

ಮಗಳು ತಟ್ಟೆಯನ್ನ ಕಾಂಪೌಂಡ್ ಮೇಲೆ ಟಣ್ ಅಂತ ಇಟ್ಟಳು.

"ರೀ, ಯಾರ್ರೀ ನೀವು? ಕಿತ್ತು ಬಿಸಾಕ್ತೀರಾ? ನಮ್ಮಮ್ಮ ಕೂತ ಸೀಟದು! ನಾನು ಈ ಗಾಡೀಲಿ ಸ್ಕೂಲಿಗೆ ಹೋಗಿದ್ದೀನಿ. ನನ್ನ ಮದುವೆ ಪಾತ್ರೆ ಇದರಲ್ಲೇ ಬಂದಿದ್ದು. ಇದನ್ನ ಹಪ್ಪಳ ಅಂತೀರಾ, ಮುದುಕಿ ಅಂತೀರಾ?"

ಅವರು ತಬ್ಬಿಬ್ಬಾದರು. "ಅಮ್ಮಾ, ತಗೋಬೇಕು ಅಂತ ತಾನೇ ಬೈತಿರೋದು!"

"ಅಷ್ಟು ಕೆಟ್ಟದಾಗಿದ್ರೆ ಯಾಕ್ರೀ ತಗೋತೀರಾ?"

ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಬ್ರೋಕರ್ ಅವರ ಬೆನ್ನು ತಿವಿದು, "ಹೊಗಳಿ ಸಾರ್, ಹೊಗಳಿ" ಅಂದ. ಪಾಪ, ಅವರು ಮೀಸೆ ಒರೆಸಿಕೊಂಡು ನಿಜ ಹೇಳೋಕೆ ಶುರು ಮಾಡಿದರು.

"ಅಮ್ಮಾ, ಸಿಟ್ಟಾಗ್ಬೇಡಿ. ಬಂಗಾರದಂಥ ಗಾಡಿ ಇದು. ಒಂದೇ ಕೈಯಲ್ಲಿ ಪಳಗಿದ ಇಂಜಿನ್. ಎಲ್ಲೂ ಗುದ್ದಿಲ್ಲ, ತುಕ್ಕಿಲ್ಲ. ಹೊಸ ಟೈರ್ ಹಾಕಿದ್ರೆ ಇನ್ನೂ ಹತ್ತು ವರ್ಷ ಎದುರು ಮಾತಾಡ್ದೆ ದುಡಿಯುತ್ತೆ. ಇಂಥ ಗಾಡಿ ಇವತ್ತು ಹುಡುಕಿದ್ರೂ ಸಿಗಲ್ಲ."

ಮಗಳು ಸೆರಗಲ್ಲಿ ಕಣ್ಣು ಒರೆಸಿಕೊಂಡಳು. "ನಿಜವಾಗ್ಲೂ?"

"ದೇವರಾಣೆ ಕಣಮ್ಮಾ."

ಅವಳು ನನ್ನ ಕಡೆ ತಿರುಗಿದಳು. ಸೊಂಟದ ಮೇಲೆ ಕೈ ಇಟ್ಟಳು.

"ಕೇಳಿಸ್ಕೊಂಡ್ಯಾ ಅಪ್ಪಾ? ಇಂಥ ಗಾಡೀನ ಯಾರಾದ್ರೂ ಮಾರ್ತಾರಾ? ನಿನಗೇನ್ ಬುದ್ಧಿ ಕೆಟ್ಟಿದೆಯಾ?"