ಮೂರನೇ ಚರಣದ ಗದ್ದೆ

ನನ್ನ ಸೋದರಮಾವ ಕಡಿಮೆಯೆಂದರೂ ಸಾವಿರ ಸಿನಿಮಾ ನೋಡಿದ್ದಾರೆ. ಒಂದರ ಕಥೆಯೂ ಅವರಿಗೆ ಗೊತ್ತಿಲ್ಲ! ನೀವು ನಂಬಲಿಕ್ಕಿಲ್ಲ. ಅವರ ಪಕ್ಕ ಕೂತು ಸಿನಿಮಾ ನೋಡಿದವರು ನಂಬುತ್ತಾರೆ. ಅಂಥವರಲ್ಲಿ ಯಾರೂ ಎರಡನೇ ಸಲ ಕೂತಿಲ್ಲ.

ಎಲ್ಲರೂ ಪರದೆಯ ಮೇಲೆ ನಾಯಕನನ್ನು ನೋಡಿದರೆ ಇವರು ಅವನ ಬೆನ್ನ ಹಿಂದಿನ ಗುಡ್ಡ ನೋಡುತ್ತಾರೆ. ಒಮ್ಮೆ ಹಾಸನದ ಟಾಕೀಸಿನಲ್ಲಿ, ನಾಯಕಿ ಗುಂಡೇಟು ತಿಂದು ನಾಯಕನ ತೊಡೆಯ ಮೇಲೆ ಕೊನೆಯುಸಿರು ಎಳೆಯುತ್ತಿದ್ದಾಗ ಮಾವ ಎದ್ದು ನಿಂತು, "ಆನೇಮಹಲ್ ತಿರುವು ಕಣ್ರೀ ಅದು!" ಎಂದು ಕೂಗಿದರು.

ಹಿಂದಿನ ಸಾಲಿನವರೊಬ್ಬರು ಮೂಗು ಒರೆಸಿಕೊಳ್ಳುತ್ತ, "ಕೂತ್ಕೊಳ್ರೀ, ಪಾಪ ಆಯಮ್ಮ ಸಾಯ್ತಾ ಅವ್ಳೆ" ಎಂದರು.

"ಸಾಯ್ಲಿ ಬಿಡಿ, ಹಿಂದ್ಗಡೆ ಆಲದ ಮರ ನೋಡಿ. ಈಗ ಅದಿಲ್ಲ" ಎಂದರು ಮಾವ, ನಿಜವಾದ ದುಃಖದಿಂದ.

ಹೋದ ತಿಂಗಳು ಆಲೂರಿನಿಂದ ಅವರ ಫೋನು ಬಂತು.

"ಭಾನುವಾರ ಕಾರ್ ತಗೊಂಡು ಬಾ. ಒಂದು ಹಳೇ ಹಾಡಿನ ಜಾಗ ಎಲ್ಲಾ ನೋಡ್ಕೊಂಡು ಬರೋಣ. ಎಲ್ಲಾ ಶಾಟೂ ಸಿಕ್ಕೈತೆ, ಒಂದು ಮಾತ್ರ ಗಟ್ಟಿ ಆಗಿಲ್ಲ. ಅಕ್ಕನ್ನ ಕರ್ಕೊಂಡೇ ಬಾ."

ಅಕ್ಕ ಎಂದರೆ ನನ್ನ ಅಮ್ಮ. "ಅಮ್ಮಂಗೆ ಮಂಡಿನೋವು ಮಾವ. ಸಿನಿಮಾ ಅಂದ್ರೂ ಆಗಲ್ಲ" ಎಂದೆ.

"ಅವಳಿಲ್ದೆ ಆ ಶಾಟ್ ಗಟ್ಟಿ ಆಗಲ್ಲ ಮಾರಾಯ. ನಾಲ್ಕು ವರ್ಷದಿಂದ ಅದೊಂದೇ ತಲೇಲಿ ಕೂತೈತೆ" ಎಂದು ಫೋನಿಟ್ಟರು.

ಹೀಗೆ ಹೊರಟೆವು. ಸ್ಟೀರಿಂಗ್ ಹಿಡಿದು ನಾನು, ಪಕ್ಕದಲ್ಲಿ ಮೊಬೈಲು ಹಿಡಿದು ಮಾವ, ಹಿಂದೆ ಅಮ್ಮ, ನನ್ನ ಹೆಂಡತಿ ಮತ್ತು ಕಡುಬಿನ ಡಬ್ಬಿ. ಅತ್ತೆ ಬರಲಿಲ್ಲ. ಅವರು ಹೋದ ವರ್ಷ ಬೇರೊಂದು ಹಾಡಿಗೆ ಹೋಗಿ ಬಂದಿದ್ದರು.

ಬೇರೆ ಯಾರೇ ಆಗಿದ್ದರೂ ಹತ್ತಿರದ ಜಾಗ ಮೊದಲು, ದೂರದ್ದು ಆಮೇಲೆ ನೋಡುತ್ತಿದ್ದರು, ಅಲ್ಲವೇ? ಮಾವನ ಪ್ರಕಾರ ಹಾಡು ಹೇಗಿದೆಯೋ ಕಾರೂ ಹಾಗೇ ಹೋಗಬೇಕು! ಪಲ್ಲವಿಯ ಮೊದಲ ಸಾಲು ಆನೇಮಹಲ್‌ನಲ್ಲಿ. ಎರಡನೇ ಸಾಲು ಶಿರಾಡಿ ಘಾಟಿಯ ನೆತ್ತಿಯ ಮಾರನಹಳ್ಳಿಯಲ್ಲಿ. ಮೊದಲ ಚರಣಕ್ಕೆ ಬಂದ ದಾರಿಯಲ್ಲೇ ವಾಪಸ್ಸು, ಆಲೂರಿನ ಕಡೆಯ ಗುಡ್ಡಕ್ಕೆ. ಸಿನಿಮಾದಲ್ಲಿ ನಾಯಕ ಇಷ್ಟನ್ನೂ ಸೈಕಲ್ಲಿನಲ್ಲಿ ಒಂದೇ ಉಸಿರಿಗೆ ದಾಟಿದ್ದ. ನನಗೆ ಎರಡೂವರೆ ಗಂಟೆ ಹಿಡಿಯಿತು.

ಚರಣ ಮುಗಿದ ಮೇಲೆ ಪಲ್ಲವಿ ಮತ್ತೆ ಬರುತ್ತದೆ ಎಂಬುದನ್ನು ನಾನು ಮರೆತಿದ್ದೆ. ಮಾವ ಮರೆತಿರಲಿಲ್ಲ.

"ಮಾವ, ಈ ಹಾಡಿಗೆ ಎಷ್ಟು ಚರಣ?" ಎಂದು ಕೇಳಿದಳು ನನ್ನ ಹೆಂಡತಿ.

"ಮೂರು."

ಅವಳು ಕಣ್ಣು ಮುಚ್ಚಿಕೊಂಡಳು.

ಆನೇಮಹಲ್‌ನ ಟೀ ಅಂಗಡಿಯವನಿಗೂ ಕುತೂಹಲ ತಡೆಯಲಾಗಲಿಲ್ಲ. "ಬೆಳಿಗ್ಗೆಯಿಂದ ಮೂರನೇ ಸಲ ಬರ್ತಾ ಇದ್ದೀರಲ್ಲ ಸ್ವಾಮಿ, ಏನಾದ್ರೂ ಕಳ್ಕೊಂಡ್ರಾ?"

"ಇಲ್ಲ ಕಣ್ರೀ, ಪಲ್ಲವಿ ಬಂತು ಅಷ್ಟೆ" ಎಂದರು ಮಾವ. ಅವನು ಅಮ್ಮನ ಮುಖ ನೋಡಿ ಒಂದು ಬಿಸ್ಕತ್ತು ಜಾಸ್ತಿ ಕೊಟ್ಟ.

ಮಾರನಹಳ್ಳಿಯಲ್ಲಿ ಜಾಗ ನೋಡಿದರೆ ಸಾಲದು, ಕ್ಯಾಮೆರಾ ಕೋನವೂ ಸರಿಹೋಗಬೇಕೆಂದು ನನ್ನನ್ನೂ ನನ್ನ ಹೆಂಡತಿಯನ್ನೂ ರಸ್ತೆಯಂಚಿನಲ್ಲಿ ಕೈ ಕೈ ಹಿಡಿಸಿ ನಿಲ್ಲಿಸಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾವು ಬೀದಿಯಲ್ಲಿ ಕೈ ಹಿಡಿದದ್ದು ಅದೇ ಮೊದಲು! ಮಾವ ಒಂದು ಕಣ್ಣಲ್ಲಿ ಮೊಬೈಲು, ಇನ್ನೊಂದು ಕಣ್ಣಲ್ಲಿ ನಮ್ಮನ್ನು ನೋಡುತ್ತ, "ಹೊಟ್ಟೆ ಒಳಕ್ಕೆಳ್ಕೊಳೋ, ಗುಡ್ಡ ಮರೆ ಆಯ್ತೈತೆ!" ಎಂದು ಗದರಿದರು. ಎಳೆದುಕೊಂಡೆ. "ಊಹೂಂ, ಇನ್ನೊಂದ್ ಟೇಕ್!" ಎಂದರು. ಘಾಟಿ ಇಳಿಯುತ್ತಿದ್ದ ಲಾರಿಯ ಡ್ರೈವರು ಸಿಳ್ಳೆ ಹೊಡೆದ. ನಾಲ್ಕನೇ ಟೇಕಿಗೆ ನನ್ನ ಹೆಂಡತಿ ಮೆಲ್ಲಗೆ, "ಸಾಕು, ಉಸಿರು ಬಿಡಿ, ಬಿದ್ದುಬಿಟ್ಟೀರಿ" ಎಂದಳು.

ಕಾರಿನೊಳಗಿಂದ ಅಮ್ಮ ಮಂಡಿ ಉಜ್ಜಿಕೊಳ್ಳುತ್ತ, "ನಮ್ಮವ್ವ ಇದ್ದಿದ್ರೆ ನಿಂಗೆ ಪೊರಕೇಲಿ ಬಾರಿಸೋಳು ಕಣೋ!" ಎಂದಳು.

ಮಾವ ಐದನೇ ಟೇಕು ಬಿಟ್ಟು ಬಂದು ಕಾರಿನಲ್ಲಿ ಕೂತರು.

ಮೂರನೇ ಚರಣಕ್ಕೆ ಬೆಳಗೋಡಿನ ಕಡೆ ತಿರುಗಿದೆವು. ದಾರಿಯಲ್ಲಿ ಅಮ್ಮ ಕೊಟ್ಟ ಕಡುಬನ್ನು ಮಾವ ಮುಟ್ಟಲಿಲ್ಲ. ಗಟ್ಟಿಯಾಗಬೇಕಿದ್ದ ಶಾಟು ಇದೇ ಎಂದು ನನಗೂ ಗೊತ್ತಾಯಿತು. ಒಂದು ತಿರುವು ದಾಟಿದೊಡನೆ, "ನಿಲ್ಸು" ಎಂದರು. ರಸ್ತೆಯ ಕೆಳಗೆ ಶುಂಠಿ ಹಾಕಿದ ಗದ್ದೆ, ಆಚೆಗೆ ನಡುವೆ ಕಚ್ಚು ಬಿದ್ದ ಒಂದು ಗುಡ್ಡ. ಈ ಸಲ ಯಾರನ್ನೂ ನಿಲ್ಲಿಸಲಿಲ್ಲ, ಕೋನ ನೋಡಲಿಲ್ಲ. ಗುಡ್ಡಕ್ಕೆ ಬೆನ್ನು ಹಾಕಿ ಅಮ್ಮನ ಮುಖವನ್ನೇ ನೋಡುತ್ತ ನಿಂತರು.

ಅಮ್ಮ ಕಾರಿನ ಬಾಗಿಲು ಹಿಡಿದು ಇಳಿದಳು. ಸುತ್ತ ನೋಡಿದಳು.

"ಏ, ಇದು ನಮ್ಮ ಗದ್ದೆ ಕಣೋ! ಶುಂಠಿ ಹಾಕ್ಬುಟ್ಟವ್ರೆ ನೋಡು. ಅಗೋ ಆ ಮೂಲೇಲಿ ನಾನು ಏಡಿ ಹಿಡೀತಿದ್ದೆ."

"ನಿಜ್ವಾಗ್ಲೂ ಅಕ್ಕ? ಇದೇ ಗದ್ದೆನಾ?"

"ಹುಟ್ಟಿದ ಊರು ಮರೀತಾರೇನೋ?"

ಮಾವ ಮೊಬೈಲು ಅವಳ ಕೈಗಿಟ್ಟರು. ನಾನೂ ಬಗ್ಗಿ ನೋಡಿದೆ. ನಾಯಕ ನಾಯಕಿ ಹಾಡುತ್ತಿದ್ದರು. ಅವರ ಹಿಂದೆ ಗದ್ದೆಯ ಬದುವಿನ ಮೇಲೆ ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಯಾವ ಶೂಟಿಂಗಿನ ಹಂಗೂ ಇಲ್ಲದೆ, ನಮಗೆ ಬೆನ್ನು ಮಾಡಿ ನಡೆದು ಹೋದಳು. ನಾಲ್ಕು ಸೆಕೆಂಡು.

ನಮ್ಮ ಅಜ್ಜಿಯ ಒಂದು ಫೋಟೊ ಕೂಡ ಇಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವಾಗ ತಾತನ ಪಟದ ಪಕ್ಕ ಮಡಿಚಿದ ಒಂದು ಸೀರೆ ಇಡುತ್ತೇವೆ. ಅಜ್ಜಿ ತೀರಿಕೊಂಡಾಗ ಅಮ್ಮನಿಗೆ ಹದಿಮೂರು, ಮಾವನಿಗೆ ಎರಡು ವರ್ಷ. ಆಲೂರಿನ ನೆಂಟರು ಇಬ್ಬರನ್ನೂ ಕರೆದುಕೊಂಡು ಹೋಗಿ ಸಾಕಿದರು.

"ಅವ್ವ" ಎಂದಳು ಅಮ್ಮ. ಇನ್ನೊಮ್ಮೆ ಹಾಕಿಸಿ ನೋಡಿದಳು. "ನಮ್ಮವ್ವನೇ ಕಣೋ. ಎಡಗಾಲು ಎಳೆದು ಹಾಕೋದು ನೋಡು." ಆಮೇಲೆ ಅಳುತ್ತಲೇ ಬೈದಳು. "ನಾಲ್ಕು ವರ್ಷದಿಂದ ಇಟ್ಕೊಂಡಿದ್ದೀಯಲ್ಲೋ, ತೋರ್ಸಕ್ಕೆ ಏನಾಗಿತ್ತೋ ನಿಂಗೆ?"

"ಆಸೆ ಹುಟ್ಟಿಸ್ಬುಟ್ಟು, ಆಮೇಲೆ ಅಲ್ಲ ಅಂತ ಆಗಿದ್ರೆ?" ಎಂದರು ಮಾವ. "ಯಾವುದೋ ಶೂಟಿಂಗ್‌ಗೆ ಅವ್ವ ಅಡ್ಡ ಹೋಗಿದ್ಲು ಅಂತ ಊರೋರೊಬ್ರು ಹೇಳಿದ್ರು. ಯಾವ ಸಿನಿಮಾ ಅಂತ ಅವ್ರಿಗೂ ಗೊತ್ತಿರ್ಲಿಲ್ಲ. ಅದ್ಕೇ ಎಲ್ಲಾನೂ ನೋಡ್ದೆ. ನಿಂಗಾದ್ರೆ ಅವಳ ನಡಿಗೆ ಗೊತ್ತು ಅಕ್ಕ. ನಂಗೆ ಗುಡ್ಡ ಬಿಟ್ರೆ ಏನು ಗೊತ್ತೈತೆ?"

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕಾರಿನಿಂದ ಕಡುಬಿನ ಡಬ್ಬಿ ತೆಗೆದು ತಲೆಯ ಮೇಲಿಟ್ಟುಕೊಂಡಳು. "ನೋಡ್ಕೊ, ಹಿಂಗೆ ನಡೀತಿದ್ಲು" ಎಂದು, ಎಡಗಾಲು ಸ್ವಲ್ಪ ಎಳೆದು ಹಾಕುತ್ತ, ಬದುವಿನ ಮೇಲೆ ಆ ತುದಿಯವರೆಗೆ ನಡೆದಳು. ಮಾವ ಒಮ್ಮೆಯೂ ಗುಡ್ಡದ ಕಡೆ ನೋಡಲಿಲ್ಲ.

ಅವಳು ತುದಿ ಮುಟ್ಟಿ ತಿರುಗಿದಾಗ, "ಇನ್ನೊಂದ್ ಟೇಕ್, ಅಕ್ಕ" ಎಂದರು.

ಮಂಡಿನೋವಿನ ಅಮ್ಮ ಬೈಯಲಿಲ್ಲ. ಡಬ್ಬಿ ಸರಿಮಾಡಿಕೊಂಡು ಮತ್ತೆ ನಡೆದಳು.